ಬಾರ್‌ಕೋಡ್‌ನಲ್ಲಿ ದೇಶ, ಬೆಲೆ ಎಲ್ಲವೂ ಇರುತ್ತದೆಯೇ? ಸ್ಕ್ಯಾನರ್ ನಿಜಕ್ಕೂ ಓದುವುದೇನು?

"ಬಾರ್‌ಕೋಡ್ 690ರಿಂದ ಶುರುವಾದರೆ ಅದು ಚೀನಾ ಮಾಲು, 890 ಇದ್ದರೆ ಮಾತ್ರ ಭಾರತದ್ದು. ಎಲ್ಲರಿಗೂ ಕಳಿಸಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಬೆಲೆಯೂ ಆ ಗೆರೆಗಳಲ್ಲೇ ಇದೆ, ಹಾಗಾಗಿ ಬಿಲ್ ತಪ್ಪುವುದಿಲ್ಲ ಎಂದು ನಂಬುವವರೂ ಇದ್ದಾರೆ. ಎರಡೂ ಸರಿಯಲ್ಲ.

ಸ್ಕ್ಯಾನರ್ ಮಾಡುವ ಕೆಲಸ

ಅಂಗಡಿಯಲ್ಲಿರುವ ಬಹುತೇಕ ಸ್ಕ್ಯಾನರ್‌ಗಳು ಕಂಪ್ಯೂಟರ್ ಪಾಲಿಗೆ ಇನ್ನೊಂದು ಕೀಬೋರ್ಡ್ ಅಷ್ಟೇ. ಗೆರೆಗಳನ್ನು ಓದಿ 13 ಅಂಕಿಗಳನ್ನು ಟೈಪ್ ಮಾಡುತ್ತವೆ, ಕೊನೆಗೆ ಎಂಟರ್ ಒತ್ತುತ್ತವೆ. ನೋಟ್‌ಪ್ಯಾಡ್ ತೆರೆದು ಬಿಸ್ಕತ್ ಪೊಟ್ಟಣವನ್ನು ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಬರುವುದು ಬರೀ ಅಂಕಿಗಳು. ಹೆಸರಿಲ್ಲ, ಬೆಲೆಯಿಲ್ಲ.

ಕೊನೆಯ ಅಂಕಿ ತಾಳೆ ನೋಡಲು ಇರುವುದು. 8901234567890 ಎಂಬ ಉದಾಹರಣೆ ತೆಗೆದುಕೊಳ್ಳಿ. ಮೊದಲ 12 ಅಂಕಿಗಳನ್ನು ಕ್ರಮವಾಗಿ 1, 3, 1, 3ರಿಂದ ಗುಣಿಸಿ ಕೂಡಿದರೆ 130. ಅದು 10ರಿಂದ ಸರಿಯಾಗಿ ಭಾಗವಾಗುವುದರಿಂದ ಕೊನೆಯ ಅಂಕಿ 0. ಲೆಕ್ಕ ಕೂಡದಿದ್ದರೆ ಸ್ಕ್ಯಾನರ್ ಆ ಕೋಡನ್ನು ಸ್ವೀಕರಿಸುವುದಿಲ್ಲ.

ಸೆಟ್ಟಿಂಗ್ ಬದಲಾದರೆ?

ಅಂಕಿಗಳ ನಂತರ ಎಂಟರ್ ಬೇಕೇ, ಟ್ಯಾಬ್ ಬೇಕೇ, ತಾಳೆ ಅಂಕಿ ಕಳಿಸಬೇಕೇ ಎಂಬುದನ್ನು ಅಂಗಡಿಯವರೇ ಹೊಂದಿಸಬಹುದು. ಸಾಮಾನ್ಯವಾಗಿ ಸ್ಕ್ಯಾನರ್ ಜೊತೆ ಬರುವ ಕೈಪಿಡಿಯಲ್ಲಿರುವ ಸೆಟ್ಟಿಂಗ್ ಬಾರ್‌ಕೋಡ್‌ಗಳನ್ನು ಸ್ಕ್ಯಾನ್ ಮಾಡಿದರೆ ಸಾಕು. ಅಮೆರಿಕದ ವಸ್ತುಗಳ ಮೇಲಿರುವುದು 12 ಅಂಕಿ. ಒಂದು ಸ್ಕ್ಯಾನರ್ ಅದರ ಮುಂದೆ ಸೊನ್ನೆ ಸೇರಿಸಿ, ಇನ್ನೊಂದು ಸೇರಿಸದೆ ಕಳಿಸಿದರೆ, ಒಂದೇ ವಸ್ತು ಕಂಪ್ಯೂಟರ್‌ಗೆ ಎರಡಾಗಿ ಕಾಣಬಹುದು. ಬಿಲ್ಲಿಂಗ್ ಕೌಂಟರ್‌ನಲ್ಲಿ 'ಐಟಂ ಸಿಗುತ್ತಿಲ್ಲ' ಎನ್ನಲು ಇಂಥ ಸೆಟ್ಟಿಂಗ್ ಕೂಡ ಕಾರಣವಿರಬಹುದು. ಅದರಿಂದಲೇ ವಸ್ತು ನಕಲಿ ಎಂದಾಗುವುದಿಲ್ಲ.

ಬೆಲೆ ಎಲ್ಲಿಂದ ಬರುತ್ತದೆ?

ಅಂಗಡಿಯ ಕಂಪ್ಯೂಟರ್‌ನಿಂದ. ಆ ಸಂಖ್ಯೆಯ ಎದುರು ಸಿಬ್ಬಂದಿ ನಮೂದಿಸಿದ ಬೆಲೆಯೇ ಬಿಲ್‌ಗೆ ಬರುತ್ತದೆ. ಅಲ್ಲಿ ಹಳೆಯ ಅಥವಾ ತಪ್ಪು ಬೆಲೆ ಇದ್ದರೆ ಬಿಲ್ಲೂ ತಪ್ಪುತ್ತದೆ. ಇದಕ್ಕೆ ಒಂದು ಅಪವಾದವಿದೆ: ತರಕಾರಿ ತೂಗಿ ಅಂಗಡಿಯವರೇ ಅಂಟಿಸುವ, 2ರಿಂದ ಶುರುವಾಗುವ ಚೀಟಿಗಳಲ್ಲಿ ತೂಕ ಅಥವಾ ಬೆಲೆ ಸೇರಿರಬಹುದು.

890ರ ಅರ್ಥ

ಈ ಸಂಖ್ಯೆಗಳನ್ನು ಹಂಚುವುದು ಜಿಎಸ್1 ಎಂಬ ಅಂತರರಾಷ್ಟ್ರೀಯ ಸಂಸ್ಥೆ. 890 ಎಂದರೆ ಕಂಪನಿ ತನ್ನ ಸಂಖ್ಯೆಯನ್ನು ಜಿಎಸ್1ನ ಭಾರತ ಶಾಖೆಯಿಂದ ಪಡೆದಿದೆ ಎಂದಷ್ಟೇ ಅರ್ಥ. ವಸ್ತು ಬೇರೆ ದೇಶದಲ್ಲಿ ತಯಾರಾಗಿರಬಹುದು. 690ಕ್ಕೂ ಇದೇ ಮಾತು ಅನ್ವಯ.

ನೀವು ನೋಡಬೇಕಾದದ್ದು

ಪೊಟ್ಟಣದ ಮೇಲೆ ಅಕ್ಷರದಲ್ಲಿ ಮುದ್ರಿಸಿರುವ ತಯಾರಕರ ವಿಳಾಸ ಮತ್ತು ಎಂಆರ್‌ಪಿ ಓದಿ. ಆಮದು ವಸ್ತುವಾದರೆ ಮೂಲ ದೇಶದ ಹೆಸರೂ ಇರಬೇಕು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಇದನ್ನೇ ಹೇಳುತ್ತವೆ. ಬಿಲ್ಲಿನ ಬೆಲೆ ಎಂಆರ್‌ಪಿಗಿಂತ ಹೆಚ್ಚಿದ್ದರೆ ಕೌಂಟರ್‌ನಲ್ಲೇ ಕೇಳಿ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ.