ಸಂಜೆ ಬಂದವನ ಕೂಲಿ

ಕ್ರೈಸ್ತರ ಮನೆಯಲ್ಲಿ ಬೆಳೆದವನು ನಾನು. ಇರುವೆ ಕಂಡರೆ ದುಡಿಮೆಯ ಪಾಠ, ಮಳೆ ಬಂದರೆ ಕೃಪೆಯ ಪಾಠ. ಇಂಥ ಪಾಠಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಅವುಗಳಿಗೆ ನಮ್ಮ ಜೇಬಿನಿಂದ ಒಂದು ಕಾಸಾದರೂ ಹೋದದ್ದುಂಟೆ?

ಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆಯೇ ಕೂಲಿಯವರು ನಿಂತಿರುತ್ತಾರೆ. ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ. ಮೊನ್ನೆ ಮಧ್ಯಾಹ್ನ ಮೂರಕ್ಕೆ ಕಾಲೇಜಿನಿಂದ ಬರುವಾಗಲೂ ಒಬ್ಬರು ಅಲ್ಲೇ ಇದ್ದರು.

"ಇನ್ನೂ ಯಾಕ್ ನಿಂತೀರಿ, ಕಾಕಾ?"

"ಯಾರೂ ಕರೀಲಿಲ್ಲ, ತಮ್ಮಾ."

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲೂ ಇದೇ ಪ್ರಶ್ನೆ, ಇದೇ ಉತ್ತರ! ಅಲ್ಲಿ ದ್ರಾಕ್ಷಿತೋಟದ ಯಜಮಾನ ಸಂಜೆ ಬಂದವನಿಗೂ ಪೂರ್ತಿ ದಿನಗೂಲಿ ಕೊಡುತ್ತಾನೆ. ತಡವಾಗಿ ಬಂದವನಿಗೂ ದೇವರ ಕೃಪೆಯುಂಟು ಎಂದು ನಾವು ಅರ್ಥ ಹೇಳಿಕೊಳ್ಳುತ್ತೇವೆ. ಸರಿಯೇ. ಆದರೆ ಕೂಲಿಯ ಮಾತು ಎಲ್ಲಿ ಹೋಯಿತು? ಸಂಜೆ ಬಂದವನ ಮಕ್ಕಳಿಗೂ ಹಸಿವು ಪೂರ್ತಿಯೇ ತಾನೆ?

ಇದೇ ಕಥೆಯಿಂದ ರಸ್ಕಿನ್ ತನ್ನ 1860ರ ಲೇಖನಮಾಲೆಗೆ 'ಅನ್‌ಟು ದಿಸ್ ಲಾಸ್ಟ್' ಎಂದು ಹೆಸರಿಟ್ಟ. 1904ರಲ್ಲಿ ಅದನ್ನು ರೈಲಿನಲ್ಲಿ ಓದಿದ ಗಾಂಧೀಜಿ ಬದುಕನ್ನೇ ಬದಲಿಸಿಕೊಂಡರು. ನಾವೂ ದಿನಾ ರೈಲಿನಲ್ಲೇ ಓಡಾಡುವವರು, ಬಿಡಿ!

ಕಳೆದ ತಿಂಗಳು ನಮ್ಮ ಮನೆಗೆ ಬಣ್ಣ ಬಳಿಯಲು ಮಧ್ಯಾಹ್ನ ಬಂದವನಿಗೆ ಅರ್ಧ ಕೂಲಿ ಕೊಟ್ಟೆವು. ಲೆಕ್ಕ ಹಾಕಿದವನು ನಾನೇ. ಲೆಕ್ಕ ತಪ್ಪಿರಲಿಲ್ಲ. ಆದರೆ ನಾಕಾದ ಆ ಮಾತು ಕೇಳಿದ ರಾತ್ರಿ, ಪ್ರಾರ್ಥನೆಯಲ್ಲಿ ಅಂದಿನ ಅನ್ನ ಬೇಡುವ ಸಾಲು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು.

ಅಡುಗೆಮನೆಯ ಗೋಡೆ ಇನ್ನೂ ಬಾಕಿ ಇದೆ. ಅವನನ್ನೇ ಕರೆಯಬೇಕು. ಆ ಅರ್ಧವನ್ನೂ ಸೇರಿಸಿ ಕೊಡಬೇಕು.