ಭೀಮಾ ತೀರಕ್ಕೆ ಬನ್ನಿ, ಒಂದು ರಾತ್ರಿ ಉಳಿಯಿರಿ

ವಿಜಯಪುರದ ಗೋಳಗುಮ್ಮಟ ನೋಡಿದ ಬೆಂಗಳೂರಿನ ಕುಟುಂಬ ಇಬ್ರಾಹಿಂ ರೋಜಾದಲ್ಲಿ ಒಂದು ಸುತ್ತು ಹಾಕಿ, ಬಿಸಿಲಿಳಿಯುವ ಹೊತ್ತಿಗೆ ಬಾದಾಮಿಯ ದಾರಿ ಹಿಡಿಯುತ್ತದೆ. ಇಂಡಿ, ಸಿಂದಗಿ ಕಡೆಗೆ ಕಾರು ತಿರುಗುವುದೇ ಅಪರೂಪ. ಯಾಕೆಂದು ಕೇಳಿದರೆ ಸಿಗುವ ಉತ್ತರ ಎರಡೇ: ಅಲ್ಲಿ ಬರ, ಅಲ್ಲಿ ‘ಭೀಮಾ ತೀರದ ಹಂತಕರು’.

ಎರಡನೆಯದು ಮೊದಲು ಇತ್ಯರ್ಥವಾಗಲಿ. ಕೆಲವು ಮನೆತನಗಳ ಹಗೆ, ನಾಡ ಪಿಸ್ತೂಲು ಸುಳ್ಳಲ್ಲ. ಆ ಹಗೆಯನ್ನೇ ಇಡೀ ಸೀಮೆಯ ಅಡ್ಡಹೆಸರಾಗಿಸಿದ್ದು ಟಿ.ವಿ. ವಾಹಿನಿಗಳು, 2012ರಲ್ಲಿ ಸಿನಿಮಾವೂ ಬಂತು. ಗುಡಿ ನೋಡಲು ಬಂದವರ ಮೇಲೆ ಇಲ್ಲಿ ಯಾರಿಗೂ ಹಗೆಯಿಲ್ಲ. ಗುಂಡಿನ ಸದ್ದು ಭೀಮಾ ತೀರದ್ದಷ್ಟೇ ಅಲ್ಲ: ವಚನ ಸಂಪುಟಗಳ ಸಂಪಾದಕ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನ ಯರಗಲ್ಲಿನವರು. 2015ರ ಆಗಸ್ಟ್ 30ರಂದು ಅವರಿಗೆ ಗುಂಡು ಬಿದ್ದದ್ದು ಧಾರವಾಡದಲ್ಲಿ, ಸ್ವಂತ ಮನೆಯ ಬಾಗಿಲಲ್ಲಿ. ಹಾಗೆಂದು ಧಾರವಾಡಕ್ಕೆ ಹೋಗಲು ಯಾರೂ ಅಂಜಲಿಲ್ಲ. ಅಂಜಬೇಕಾಗಿಯೂ ಇಲ್ಲ.

ಬರದ ಮಾತು ಬೇರೆ. ಅದು ನಿಜ, ಕಠಿಣ ನಿಜ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದ್ದೂ ಅದೇ ವರ್ಷ. ಕೊಳವೆಬಾವಿ ಬತ್ತಿದಾಗ ಇಲ್ಲಿನ ರೈತ ಟ್ಯಾಂಕರ್ ನೀರು ಕೊಂಡು ಲಿಂಬೆ ಗಿಡದ ಬುಡಕ್ಕೆ ಬಿಡುತ್ತಾನೆ. ಹಣ್ಣಿಗಾಗಿ ಅಲ್ಲ, ಗಿಡ ಉಳಿದರೆ ಸಾಕೆಂದು. ಒಣಗಿದರೆ ಹೊಸ ಸಸಿ ಫಲ ಕೊಡಲು ಮತ್ತೆ ವರ್ಷಗಟ್ಟಲೆ ಕಾಯಬೇಕು. ಗಿಡ ಕೈಬಿಟ್ಟವರು ಸೋಲಾಪುರ, ಪುಣೆ, ಗೋವಾಕ್ಕೆ ಗುಳೆ ಹೋಗುತ್ತಾರೆ.

ಇಂಥ ಕಡೆಗೆ ಮೋಜಿಗೆ ಹೋಗುವುದು ಸರಿಯೇ ಎಂದು ಸಂಕೋಚಪಡುವವರಿದ್ದಾರೆ. ಅವರ ಸಂಕೋಚದಲ್ಲಿ ಮರ್ಯಾದೆಯಿದೆ, ಆದರೆ ಅದರಿಂದ ಖಾನಾವಳಿಯ ಒಲೆ ಉರಿಯದು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಉಂಡು ಎದ್ದವರು ಕೊಟ್ಟ ದುಡ್ಡು ಅದೇ ಸಂಜೆ ರೊಟ್ಟಿ ಬಡಿದ ಹೆಣ್ಣುಮಗಳ ಕೈ ಸೇರುತ್ತದೆ. ಬರ ಪರಿಹಾರಕ್ಕೆ ಅಷ್ಟು ವೇಗ ಎಂದೂ ಬಂದಿಲ್ಲ: ಕರ್ನಾಟಕ ಕೇಳಿದ್ದು 18,171 ಕೋಟಿ ರೂಪಾಯಿ, ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ.

ಕಷ್ಟದ ನಡುವೆಯೂ ಪ್ರವಾಸಿಗರನ್ನು ಕರೆಯುವುದು ಹೇಗೆಂದು ತಿಳಿಯಲು ಶ್ರೀಲಂಕಾವನ್ನು ನೋಡಿ. 2022ರ ಏಪ್ರಿಲ್‌ನಲ್ಲಿ ಅದು ವಿದೇಶಿ ಸಾಲ ಕಟ್ಟುವುದನ್ನೇ ನಿಲ್ಲಿಸಿತು. ಪೆಟ್ರೋಲಿಗೆ ಮೈಲುದ್ದ ಸಾಲು. ‘ಹೆದರಬೇಡಿ’ ಎಂದು ಬಾಯಲ್ಲಿ ಹೇಳಿ ಸುಮ್ಮನಿರದೆ, ಪ್ರವಾಸಿಗರಿಗೆಂದೇ ಇಂಧನದ ಪಾಸ್ ಕೊಟ್ಟಿತು. ಆ ವರ್ಷ ಬಂದವರು ಸುಮಾರು 7.2 ಲಕ್ಷ, 2024ರಲ್ಲಿ 20 ಲಕ್ಷ ದಾಟಿದರು.

ನಮ್ಮ ಜಿಲ್ಲೆಯಲ್ಲಿ ನೋಡಲು ಏನಿದೆ ಎನ್ನುವವರಿಗೆ ಬಸವನ ಬಾಗೇವಾಡಿ ಒಂದೇ ಸಾಕು. 2024ರ ಜನವರಿಯಲ್ಲಿ ಸರ್ಕಾರ ಯಾರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತೋ ಆ ಬಸವಣ್ಣ ಹುಟ್ಟಿದ ನೆಲ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ ಬಸವಣ್ಣನ ಮಡದಿ ನೀಲಮ್ಮನ ಐಕ್ಯಸ್ಥಳ. 1565ರ ರಕ್ಕಸ-ತಂಗಡಗಿ ಯುದ್ಧದ ಹೆಸರಿನಲ್ಲಿಯೂ ಈ ಊರಿದೆ. ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ ದಾರ್ಶನಿಕ ಗುರುದೇವ ರಾನಡೆಯವರ ಆಶ್ರಮ, ಹಲಸಂಗಿಯಲ್ಲಿ ಕವಿ ಮಧುರಚೆನ್ನರ ಗೆಳೆಯರ ಬಳಗದ ನೆನಪು.

ಸಾಲೋಟಗಿಯೂ ಇದೇ ಇಂಡಿ ತಾಲ್ಲೂಕಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಶಾಸನ ಇಲ್ಲಿನ ವಿದ್ಯಾಶಾಲೆಯನ್ನು ವರ್ಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆಗಳಿದ್ದವು, ಅವರಿಗಾಗಿ ಭೂಮಿ ಬಿಟ್ಟಿದ್ದರು. ಪರಸ್ಥಳದವರಿಗೆ ಸೂರು ಕೊಡುವುದು ಈ ಸೀಮೆಗೆ ಸಾವಿರ ವರ್ಷಗಳ ರೂಢಿ.

ಪ್ರವಾಸೋದ್ಯಮ ಇಲಾಖೆ ಆಲಮಟ್ಟಿಯ ಉದ್ಯಾನ, ಸಂಗೀತ ಕಾರಂಜಿಯ ಚಿತ್ರ ಹಾಕಿದರೆ ಕೆಲಸ ಮುಗಿಯದು. ಹೆಂಡತಿ ಮಕ್ಕಳೊಂದಿಗೆ ಬಂದವರಿಗೆ ಈ ಐದೂ ಊರುಗಳಲ್ಲಿ ಹತ್ತತ್ತು ಶುಚಿಯಾದ ಕೋಣೆ, ನೀರಿರುವ ಶೌಚಾಲಯ, ಸೋಲಾಪುರ ಮತ್ತು ವಿಜಯಪುರದ ರೈಲಿಗೆ ಹೊಂದುವ ಬಸ್ಸು, ಸಾಲೋಟಗಿಯ ಶಾಸನದ ಅರ್ಥವನ್ನು ತಿಳಿಗನ್ನಡದಲ್ಲಿ ಹೇಳುವ ಒಂದು ಫಲಕ ಬೇಕು. ಮುಂದಿನ ಶ್ರಾವಣದಲ್ಲಿ ಬಾಗೇವಾಡಿಯ ಮೂಲ ನಂದೀಶ್ವರನ ಜಾತ್ರೆ ಬರುವಷ್ಟರಲ್ಲಿ ಇಷ್ಟಾದರೂ ಆಗಲಿ.