ಗುಹೆಯಿಂದ ತರಬೇಕಾದುದೇನು?

ನಮ್ಮ ಬರೆಯುವ ಮೇಜಿನ ಮೇಲೆ ಬಹುಕಾಲದಿಂದ ಒಂದು ಕಲ್ಲಿನ ಚೂರು ಬಿದ್ದಿದೆ. ಅದರ ಉದ್ದ ಏಳು ಸೆಂಟಿಮೀಟರು. ಬಣ್ಣ ಮಾಸಲು ಬಿಳುಪು. ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಕರ್ನೂಲು ಸೀಮೆಯ ಸುಣ್ಣಕಲ್ಲಿನ ಗುಹೆಯೊಂದನ್ನು ನೋಡಲು ಹೋಗಿದ್ದಾಗ, ಛಾವಣಿಯಿಂದ ಇಳಿಬಿದ್ದಿದ್ದ ತೊಂಗಲೊಂದನ್ನು ಮುರಿದು ಜೇಬಿಗೆ ಸೇರಿಸಿ, ಏನೋ ಸಾಧಿಸಿದವರಂತೆ ಮನೆಗೆ ಬಂದೆವು. ದೀಪದ ಬೆಳಕಿನಲ್ಲಿ ನೀರಿನ ಹನಿಯೊಡನೆ ಥಳಥಳಿಸುತ್ತಿದ್ದ ಆ ವಸ್ತು ಎರಡೇ ದಿನಗಳಲ್ಲಿ ಒಣಗಿ ಮಂಕಾಯಿತು. ಈಗ ಅದು ಕಾಗದಗಳು ಹಾರದಂತೆ ತಡೆಯುವ ಕೆಲಸಕ್ಕೆ ಮಾತ್ರ ಬರುತ್ತದೆ.

ಈ ಹಳೆಯ ತಪ್ಪನ್ನು ಈಗ ಹೇಳಿಕೊಳ್ಳಲು ಕಾರಣವುಂಟು. ವಾರಾಂತ್ಯದಲ್ಲಿ ಬೆಟ್ಟ ಹತ್ತುವ, ಗುಹೆ ಹೊಗುವ ಹವ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಗುಹೆಯೊಳಕ್ಕೆ ಹೋದವರು ಅಲ್ಲಿಂದ ಏನನ್ನು ತರಬೇಕು ಎಂಬ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಿಕೊಳ್ಳುವವರು ಕಡಮೆ. ಕಳೆದ ಚಳಿಗಾಲದಲ್ಲಿ ವಿದ್ಯಾರ್ಥಿಗಳ ಸಂಘವೊಂದರೊಡನೆ ಎರಡು ದಿನ ಸಂಚರಿಸಿ ಬಂದಾಗ ಆ ಪ್ರಶ್ನೆಗೆ ನಮಗೊಂದು ಉತ್ತರ ದೊರೆಯಿತು.

ನಾವು ಒಟ್ಟು ಹನ್ನೊಂದು ಮಂದಿ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು, ಅನಂತಪುರ, ತಾಡಪತ್ರಿಗಳ ಮಾರ್ಗವಾಗಿ ಶನಿವಾರ ಬೆಳಗ್ಗೆ ಬೆಲಂ ಗುಹೆಗಳನ್ನು ತಲಪಿದೆವು. ಈಗ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಗೆ ಸೇರಿರುವ ಈ ಗುಹೆಗಳ ಉದ್ದ 3,229 ಮೀಟರು. ‘ಬಿಲ’ ಎಂಬ ಶಬ್ದದಿಂದಲೇ ಈ ಹೆಸರು ಬಂದಿತೆಂದು ಹೇಳುತ್ತಾರೆ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವುಗಳ ವಿಷಯವನ್ನು ದಾಖಲಿಸಿದ್ದನು. ಅನಂತರ ಸುಮಾರು ನೂರು ವರ್ಷ ಯಾರೂ ಇತ್ತ ಹೆಚ್ಚು ಗಮನ ಕೊಡಲಿಲ್ಲ. 1980ರ ದಶಕದ ಆರಂಭದಲ್ಲಿ ಡೇನಿಯಲ್ ಗೆಬಾವರ್ ಎಂಬವರ ನೇತೃತ್ವದಲ್ಲಿ ಬಂದ ಜರ್ಮನ್ ಅನ್ವೇಷಕರು ಇವನ್ನು ಅಡಿ ಅಡಿಯಾಗಿ ಅಳೆದು ನಕ್ಷೆ ಬರೆದರು. 2002ರಲ್ಲಿ ಸಾರ್ವಜನಿಕರಿಗೆ ಪ್ರವೇಶ ದೊರೆಯಿತು. ಇಂದು ವಿದ್ಯುದ್ದೀಪಗಳ ಬೆಳಕಿನಲ್ಲಿ ನಿರಾತಂಕವಾಗಿ ನಡೆದಾಡುವ ಯಾತ್ರಿಕರು, ಕತ್ತಲೆಯಲ್ಲಿ ಟೇಪು ಹಿಡಿದು ತೆವಳಿದ ಆ ಕೆಲವರಿಗೆ ಋಣಿಗಳು.

ಭಾನುವಾರ ನಾವು ಹೊಕ್ಕದ್ದು ಅದೇ ಸೀಮೆಯ ಬೇರೊಂದು ಚಿಕ್ಕ ಗುಹೆಯನ್ನು. ಅದರ ಹೆಸರನ್ನೂ ದಾರಿಯನ್ನೂ ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಕಾವಲಿಲ್ಲದ ಗುಹೆಯ ವಿಳಾಸವನ್ನು ಊರೆಲ್ಲ ಸಾರುವುದು ಅದಕ್ಕೆ ಮಾಡುವ ಮೊದಲನೆಯ ಕೇಡು. ಜಮೀನಿನ ಒಡೆಯರ ಅಪ್ಪಣೆ ಪಡೆದು, ಸಂಜೆ ಐದರೊಳಗೆ ಹಿಂದಿರುಗದಿದ್ದರೆ ಯಾರಿಗೆ ಸುದ್ದಿ ಮುಟ್ಟಿಸಬೇಕೆಂದು ಅವರಿಗೆ ತಿಳಿಸಿ, ತಲೆಗೆ ಹೆಲ್ಮೆಟ್ಟು, ಒಬ್ಬೊಬ್ಬರಿಗೂ ಮೂರು ಮೂರು ದೀಪಗಳೊಡನೆ ಒಳಗಿಳಿದೆವು.

ಗುಹೆಯ ಹುಟ್ಟನ್ನು ವಾಚಕರು ಪಾಠದಲ್ಲಿ ಓದಿರಬಹುದು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ದುರ್ಬಲವಾದ ಆಮ್ಲವಾಗುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಅದು ಕಲ್ಲನ್ನು ಕರಗಿಸಿ ಪೊಳ್ಳು ಮಾಡುತ್ತದೆ. ಅದೇ ನೀರು ಗುಹೆಯ ಛಾವಣಿಯಲ್ಲಿ ಹನಿಯಾಗಿ ನಿಂತಾಗ ಅನಿಲ ಹೊರಬಿದ್ದು, ಕರಗಿದ್ದ ಸುಣ್ಣದ ಒಂದು ಕಣ ಅಲ್ಲಿಯೇ ಉಳಿಯುತ್ತದೆ. ಹೀಗೆ ಹನಿಹನಿಯಾಗಿ, ಮೇಲಿನಿಂದ ತೊಂಗಲೂ ಕೆಳಗಿನಿಂದ ಕಂಬವೂ ಬೆಳೆಯುತ್ತವೆ. ಬೆಳೆವಣಿಗೆಯ ವೇಗ ಸ್ಥಳದಿಂದ ಸ್ಥಳಕ್ಕೆ ಬೇರೆಯಾದರೂ, ವರ್ಷಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗವೆಂದು ಇಟ್ಟುಕೊಂಡರೆ, ನಮ್ಮ ಮೇಜಿನ ಮೇಲಿನ ಏಳು ಸೆಂಟಿಮೀಟರಿನ ಚೂರಿಗೆ ಏಳುನೂರು ವರ್ಷ ಬೇಕು. ಅಂದರೆ ಅದರ ಮೊದಲ ಹನಿ ಬಿದ್ದಾಗ ವಿಜಯನಗರವಿನ್ನೂ ಹುಟ್ಟಿರಲಿಲ್ಲ. ನಮಗೆ ಅದನ್ನು ಮುರಿಯಲು ಒಂದು ಕ್ಷಣ ಸಾಕಾಯಿತು.

ಗುಹೆಯೊಳಗೆ ಅರ್ಧ ಗಂಟೆ ಕಳೆದಿರಲಿಲ್ಲ; ತರುಣನೊಬ್ಬನ ಕೈ ಅಂಥದೇ ಒಂದು ತೊಂಗಲಿನತ್ತ ಚಾಚಿತು. ತಂಡದ ನಾಯಕಿ ಭೂವಿಜ್ಞಾನದ ಅಧ್ಯಾಪಕಿ. ಅವರು ಗದರಿಸಲಿಲ್ಲ. “ಅದು ಅಲ್ಲೇ ಇರಲಿ ತಮ್ಮಾ, ನೀನು ಈ ತುದಿ ಹಿಡಿದುಕೋ” ಎಂದು ಅಳತೆಯ ಟೇಪನ್ನು ಅವನ ಕೈಗೆ ಕೊಟ್ಟರು. ಮುಂದಿನ ಐದು ಗಂಟೆ ಆ ಹುಡುಗ ಟೇಪನ್ನು ಬಿಡಲಿಲ್ಲ.

ಕೆಲಸ ಸರಳವಾದುದು. ಒಂದು ಬಿಂದುವಿನಿಂದ ಮತ್ತೊಂದಕ್ಕೆ ದೂರವೆಷ್ಟು, ದಿಕ್ಕು ಯಾವುದು, ಏರೋ ಇಳಿತವೋ ಎಂಬ ಮೂರನ್ನು ಟೇಪು, ದಿಕ್ಸೂಚಿ, ಕೋನಮಾಪಕಗಳಿಂದ ತಿಳಿದು ಬರೆದುಕೊಳ್ಳುವುದು. ಹೀಗೆ ನಾವು 27 ಬಿಂದುಗಳನ್ನು ಗುರುತಿಸಿ 162 ಮೀಟರು ಅಳೆದೆವು. ಒಂದು ಸುತ್ತುದಾರಿ ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಆದರೆ ಲೆಕ್ಕ ಹಾಕಿದಾಗ ಕೊನೆಯ ಬಿಂದುವು ಮೊದಲಿನದಕ್ಕಿಂತ ನಾಲ್ಕು ಮೀಟರು ದೂರ ಬಿದ್ದಿತ್ತು! ಮತ್ತೆ ಅಳೆದಾಗ ಗುಟ್ಟು ತಿಳಿಯಿತು. ದಿಕ್ಸೂಚಿಯನ್ನು ಕಣ್ಣಿಗೆ ಹಿಡಿದವನ ಹಣೆಯ ಮೇಲಿನ ದೀಪದಲ್ಲಿದ್ದ ಬ್ಯಾಟರಿಯೇ ಕಾಂತದ ಮುಳ್ಳನ್ನು ಎಳೆದಿತ್ತು. ಭೌತವಿಜ್ಞಾನದ ಈ ಪಾಠವನ್ನು ಆ ಹನ್ನೊಂದು ಮಂದಿ ಇನ್ನು ಮರೆಯಲಾರರು.

ಮುಂದೆ ಒಂದು ಇಕ್ಕಟ್ಟಾದ ದಾರಿ ಕೆಳಮುಖವಾಗಿ ಇಳಿದಿತ್ತು. ಅಲ್ಲಿ ಉಸಿರಾಟ ತಾನಾಗಿಯೇ ವೇಗವಾಯಿತು. ಒಬ್ಬಿಬ್ಬರಿಗೆ ತಲೆನೋವು ಬಂದಿತು. ಗಾಳಿಯಾಡದ ತಗ್ಗುಗಳಲ್ಲಿ ಇಂಗಾಲದ ಡೈ ಆಕ್ಸೈಡು ಸೇರಿಕೊಂಡಿರುವ ಲಕ್ಷಣವಿದು. ನಾಯಕಿ ಎರಡನೆಯ ಮಾತಿಲ್ಲದೆ ಎಲ್ಲರನ್ನೂ ಹಿಂದಕ್ಕೆ ತಿರುಗಿಸಿದರು. ಕೆಲವರಿಗೆ ನಿರಾಶೆಯಾಯಿತು. ಆದರೆ ಹಿಂದಿರುಗುವುದು ಹೇಡಿತನವಲ್ಲ. 1967ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಮಾಸ್‌ಡೇಲ್ ಗುಹೆಯೊಳಗಿದ್ದ ಆರು ತರುಣರು, ಹೊರಗೆ ಸುರಿದ ಮಳೆಯ ಪ್ರವಾಹ ಒಳನುಗ್ಗಿ ಪ್ರಾಣ ಕಳೆದುಕೊಂಡರು. ಅವರು ಅನನುಭವಿಗಳೇನೂ ಆಗಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು: “ವಾರದ ದಣಿವು ಕಳೆಯಲು ಹೋದವರಿಗೆ ಅಳತೆಯ ಗೊಡವೆಯೇಕೆ? ಚಿಕ್ಕ ಗುಹೆಯೊಂದರ ನಕ್ಷೆಯಿಂದ ಯಾರಿಗೇನು ಲಾಭ?” ಮೇಘಾಲಯದ ಉದಾಹರಣೆಯೇ ಇದಕ್ಕೆ ಉತ್ತರ. ವೃತ್ತಿಯಿಂದ ಬ್ಯಾಂಕಿನ ಉದ್ಯೋಗಿಯಾಗಿದ್ದ ಬ್ರಯಾನ್ ಖಾರ್‌ಪ್ರಾನ್ ಡೇಲಿಯವರೂ ಅವರ ಶಿಲ್ಲಾಂಗಿನ ಸಂಗಡಿಗರೂ, ವಿದೇಶಗಳಿಂದ ಬಂದ ಹವ್ಯಾಸಿಗಳೊಡನೆ ಸೇರಿ, 1990ರ ದಶಕದಿಂದೀಚೆಗೆ ಅಲ್ಲಿನ ಹಲವು ನೂರು ಕಿಲೋಮೀಟರುಗಳಷ್ಟು ಗುಹಾಮಾರ್ಗಗಳನ್ನು ಅಳೆದಿದ್ದಾರೆ. ಜೈಂತಿಯಾ ಬೆಟ್ಟಗಳ ಕ್ರೆಮ್ ಲಿಯಾತ್ ಪ್ರಾ ಎಂಬ ಒಂದೇ ಗುಹೆ ಮೂವತ್ತು ಕಿಲೋಮೀಟರಿಗೂ ಉದ್ದವಿದೆ. ಇದು ಬಹುಮಟ್ಟಿಗೆ ರಜೆಯ ದಿನಗಳಲ್ಲಿ ನಡೆದ ಕೆಲಸ. ಇನ್ನೊಂದು ಮಾತು: ಸುಣ್ಣಕಲ್ಲಿನ ನಾಡಿನಲ್ಲಿ ನೀರು ಮರಳಿನಲ್ಲಿ ಸೋಸಿದಂತೆ ಶುದ್ಧವಾಗುವುದಿಲ್ಲ, ಬಿರುಕುಗಳಲ್ಲಿ ನೇರವಾಗಿ ಹರಿದು ಬಾವಿಗಳನ್ನು ಸೇರುತ್ತದೆ. ಮೇಲಿನ ಕೊಳಕು ಯಾವ ದಾರಿಯಲ್ಲಿ ಇಳಿಯುತ್ತದೆಂದು ತಿಳಿಯಲು ಗುಹೆಯ ನಕ್ಷೆ ಬೇಕು. ನಾವು ಹೊರಬಂದೊಡನೆ ಆ ಜಮೀನಿನ ಹಿರಿಯರು ಕೇಳಿದ್ದೂ ಒಂದೇ ಪ್ರಶ್ನೆ: “ಒಳಗೆ ನೀರು ಯಾವ ಕಡೆ ಹೋಗುತ್ತದೆ?”

“ಹಾಗಾದರೆ ವಿಜ್ಞಾನಿಗಳು ಗುಹೆಯಿಂದ ಕಲ್ಲು ತರುವುದಿಲ್ಲವೆ?” ಎಂದೂ ಕೇಳಬಹುದು. ತರುತ್ತಾರೆ. ಚಿರಾಪುಂಜಿಯ ಬಳಿಯ ಮಾವ್‌ಮ್ಲು ಗುಹೆಯ ಒಂದು ಸುಣ್ಣದ ಕಂಬದಲ್ಲಿ, ಪದರ ಪದರವಾಗಿ ಅಡಗಿದ್ದ ಆಕ್ಸಿಜನ್ನಿನ ಐಸೊಟೋಪುಗಳು ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕ್ಷೀಣಿಸಿದುದನ್ನು ತಿಳಿಸಿದುವು. ಇದರ ಆಧಾರದಿಂದಲೇ 2018ರಲ್ಲಿ ಭೂ ಇತಿಹಾಸದ ಇತ್ತೀಚಿನ ಯುಗಕ್ಕೆ ‘ಮೇಘಾಲಯನ್’ ಎಂಬ ಹೆಸರು ಬಂದಿತು. ಆದರೆ ಆ ಕಂಬ ಯಾವ ಗುಹೆಯದೆಂಬುದು ಗೊತ್ತಿದ್ದುದರಿಂದ ಅದರ ಸಾಕ್ಷಿ ನಿಂತಿತು. ನಮ್ಮ ಮೇಜಿನ ಮೇಲಿನ ಚೂರು ಯಾವ ಮೂಲೆಯದು, ಅದರ ಯಾವ ಭಾಗ ಹಳೆಯದು ಎಂಬುದು ನಮಗೇ ತಿಳಿಯದು. ಅದು ಕೂಡ ಏಳು ಶತಮಾನಗಳ ಮಳೆಯ ಲೆಕ್ಕವನ್ನು ಹೊತ್ತಿದ್ದೀತು. ಆದರೆ ಅದನ್ನು ನಾವು ಮೂಕವಾಗಿಸಿದೆವು.

ಮುಟ್ಟದಿದ್ದರೂ ಕೆಡುಕಾಗಬಹುದೆಂಬುದಕ್ಕೆ ಫ್ರಾನ್ಸಿನ ಲಾಸ್ಕೊ ಗುಹೆ ಸಾಕ್ಷಿ. ಸಾವಿರಾರು ವರ್ಷ ಕೆಡದೆ ಉಳಿದಿದ್ದ ಅಲ್ಲಿನ ವರ್ಣಚಿತ್ರಗಳನ್ನು 1940ರಲ್ಲಿ ಹುಡುಗರು ಕಂಡುಹಿಡಿದರು. 1948ರಿಂದ ಬಂದ ಪ್ರೇಕ್ಷಕರ ಉಸಿರು, ಬೆವರು, ದೀಪಗಳಿಂದ ಪಾಚಿ ಬೆಳೆದು, 1963ರಲ್ಲಿ ಗುಹೆಯನ್ನು ಮುಚ್ಚಬೇಕಾಯಿತು. ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ಗುಹೆ ಹೊಗುವ ಪ್ರತಿಯೊಂದು ಸಂಘವೂ ಚಿಕ್ಕ ತಂಡವಾಗಿ ಹೋಗಲಿ, ಬಾವಲಿಗಳು ತಂಗಿರುವ ಕಡೆ ದೂರದಿಂದಲೇ ಹಿಂದಿರುಗಲಿ, ಸುತ್ತಿಗೆಯ ಬದಲು ಟೇಪನ್ನು ಒಯ್ಯಲಿ. ತಾನು ಬರೆದ ನಕ್ಷೆಯ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯದಲ್ಲಿಯೂ ಇನ್ನೊಂದನ್ನು ಜಮೀನಿನವರ ಬಳಿಯೂ ಇಡಲಿ. ಇಷ್ಟನ್ನು ಮಾಡದ ಸಂಚಾರ ವನಭೋಜನವಾದೀತೇ ಹೊರತು ಅನ್ವೇಷಣೆಯಾಗದು.

ಆ ಭಾನುವಾರ ಸಂಜೆ ಹುಣಿಸೆಯ ಮರದ ಕೆಳಗೆ ಕುಳಿತು ನಕ್ಷೆಯನ್ನು ಬರೆದೆವು. ತೊಂಗಲಿನತ್ತ ಕೈ ಚಾಚಿದ್ದ ತರುಣನೇ ಗೆರೆ ಎಳೆದನು. ನಾವು ಹಿಂದಿರುಗಿದ ಆ ಇಕ್ಕಟ್ಟಿನ ದಾರಿಯ ತುದಿಗೆ ಬಂದಾಗ ಅವನು ತಲೆಯೆತ್ತಿ, “ಇಲ್ಲಿ ಏನು ಬರೆಯಲಿ ಮೇಡಂ?” ಎಂದು ಕೇಳಿದನು. ಗುಹೆಯ ನಕ್ಷೆಗಳಲ್ಲಿ ಇನ್ನೂ ನೋಡದ ದಾರಿಗೆ ಒಂದು ಗುರುತುಂಟು. ಅದನ್ನು ಅವರು ತೋರಿಸಿದರು. ಅವನು ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದನು. ಮುಂದಿನ ಚಳಿಗಾಲದಲ್ಲಿ ಗಾಳಿಯನ್ನು ಪರೀಕ್ಷಿಸುವ ಉಪಕರಣದೊಡನೆ ಅಲ್ಲಿಗೆ ಮತ್ತೆ ಹೋಗಬೇಕೆಂದು ಸಂಘ ನಿಶ್ಚಯಿಸಿದೆ.